ಅಮೆರಿಕನ್ ನದಿಯಲ್ಲಿ ಒಂದು ದಿನ

ತುಂಗಭದ್ರೆಯ ದಡದಲ್ಲಿ ಹುಟ್ಟಿ ಬೆಳೆದವನಿಗೆ ನೀರಿನ ಭಯವಿರುವುದಿಲ್ಲ ಎಂಬುದು ನನ್ನ ಬಾಲ್ಯದ ನಂಬಿಕೆಯಾಗಿತ್ತು. ಆನೆಗೊಂದಿಯ ಸಮೀಪದ ನಮ್ಮ ಊರಿನವರು ಆಗ ಹಂಪೆಯ ದಡಕ್ಕೆ ಹೋಗಲು ಹರಿಗೋಲನ್ನು ಏರುತ್ತಿದ್ದರು. ಬಿದಿರಿನಿಂದ ಹೆಣೆದ, ಬುಟ್ಟಿಯಂತೆ ಗುಂಡಗಿರುವ ಈ ದೋಣಿ ಬಹು ಪುರಾತನವಾದುದು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸ್ ಇದನ್ನು ತನ್ನ ಬರಹದಲ್ಲಿ ವರ್ಣಿಸಿದ್ದಾನೆ. ಎಂಟನೆಯ ವಯಸ್ಸಿಗೆ ನಾನು ಈಜು ಕಲಿತೆ. ಹನ್ನೆರಡನೆಯ ವಯಸ್ಸಿಗೆ ಹರಿಗೋಲಿಗೆ ಹುಟ್ಟು ಹಾಕುವುದನ್ನೂ ಕಲಿತೆ. ಬಂಡೆಯೊಂದು ಎದುರಾದರೆ ಕೋಲಿನಿಂದ ಅದನ್ನು ಒತ್ತಿ ಹರಿಗೋಲನ್ನು ದೂರ ಸರಿಸುವುದು ನನಗೆ ಬಲು ಸಲೀಸಾಗಿತ್ತು.

ನಮಗೆ ಹೊಳೆ ದಾಟಿಸುತ್ತಿದ್ದ ಅಂಬಿಗ ಅಜ್ಜ ನನ್ನ ಉತ್ಸಾಹವನ್ನು ಕಂಡು ನಗುತ್ತಿದ್ದ. ಒಮ್ಮೊಮ್ಮೆ, "ತಮ್ಮಾ, ಹೊಳಿ ಮುಂದ ಯಾರೂ ದೊಡ್ಡವರಲ್ಲ. ಗೊತ್ತಿಲ್ಲ ಅಂದವನ್ನ ಹೊಳಿ ದಂಡೀಗೆ ಬಿಡತೈತಿ, ಎಲ್ಲಾ ಗೊತ್ತೈತಿ ಅಂದವನ್ನ ಒಳಗ ಕರಕೊಂತೈತಿ" ಎನ್ನುತ್ತಿದ್ದ. ಆ ಮಾತು ಆಗ ನನ್ನ ಕಿವಿಗೆ ಬಿತ್ತು; ಮನಸ್ಸಿಗೆ ಇಳಿಯಲಿಲ್ಲ. ಅದು ಮನಸ್ಸಿಗೆ ಇಳಿಯಲು ನಾನು ಹದಿನಾರು ವರ್ಷ ಕಾಯಬೇಕಾಯಿತು. ಮತ್ತೊಂದು ಖಂಡದ ಮತ್ತೊಂದು ನದಿಯಲ್ಲಿ ಮುಳುಗೇಳಬೇಕಾಯಿತು.

ಹೆಚ್ಚಿನ ವ್ಯಾಸಂಗಕ್ಕಾಗಿ ನಾನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಹೋಗಿದ್ದೆ. ಅಲ್ಲಿ ನಾವು ಹನ್ನೆರಡು ಮಂದಿ ಪರದೇಶದ ವಿದ್ಯಾರ್ಥಿಗಳು ಒಂದೇ ವಸತಿಗೃಹದಲ್ಲಿದ್ದೆವು. ಒಬ್ಬೊಬ್ಬರದು ಒಂದೊಂದು ದೇಶ, ಒಂದೊಂದು ಭಾಷೆ, ಒಂದೊಂದು ಬಗೆಯ ಊಟ. ಜೂನ್ ತಿಂಗಳಲ್ಲಿ ಪರೀಕ್ಷೆಗಳು ಮುಗಿದಾಗ ಎಲ್ಲರೂ ಕೂಡಿ ಎಲ್ಲಿಗಾದರೂ ಹೋಗಬೇಕೆಂಬ ಆಸೆ ಹುಟ್ಟಿತು. ಕೊನೆಗೆ ಅಮೆರಿಕನ್ ನದಿಯ ದಕ್ಷಿಣ ಶಾಖೆಯಲ್ಲಿ ತೆಪ್ಪದ ಪ್ರಯಾಣ ಮಾಡುವುದೆಂದು ತೀರ್ಮಾನವಾಯಿತು.

ಸಿಯೆರಾ ನೆವಾಡ ಎಂಬುದು ಕ್ಯಾಲಿಫೋರ್ನಿಯಾದ ಪೂರ್ವಭಾಗದಲ್ಲಿ ಗೋಡೆಯಂತೆ ನಿಂತಿರುವ ಪರ್ವತಶ್ರೇಣಿ. ಚಳಿಗಾಲದಲ್ಲಿ ಅಲ್ಲಿ ಹಿಮ ರಾಶಿರಾಶಿಯಾಗಿ ಬೀಳುತ್ತದೆ; ಬೇಸಿಗೆ ಬಂದಂತೆ ಕರಗಿ ನೂರಾರು ತೊರೆಗಳಾಗಿ ಇಳಿಯುತ್ತದೆ. ಅಂಥ ತೊರೆಗಳಿಂದ ಹುಟ್ಟಿದ ಅಮೆರಿಕನ್ ನದಿಗೆ ಉತ್ತರ, ಮಧ್ಯ, ದಕ್ಷಿಣ ಎಂಬ ಮೂರು ಶಾಖೆಗಳಿವೆ. ಮೂರೂ ಕೂಡಿ ಹರಿದು, ರಾಜಧಾನಿಯಾದ ಸ್ಯಾಕ್ರಮೆಂಟೊ ನಗರದ ಬಳಿ ಅದೇ ಹೆಸರಿನ ಮಹಾನದಿಯನ್ನು ಸೇರುತ್ತವೆ. ದಕ್ಷಿಣ ಶಾಖೆಯ ಮೇಲೆ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟುಗಳಿವೆ. ಅವುಗಳಿಂದ ಎಷ್ಟು ನೀರು ಬಿಡುತ್ತಾರೆ ಎಂಬುದರ ಮೇಲೆ ಕೆಳಗಿನ ನದಿಯ ರಭಸ ನಿಂತಿದೆ.

ನಾವು ಸಂಜೆಯ ಹೊತ್ತಿಗೆ ಕೊಲೋಮ ಎಂಬ ಹಳ್ಳಿಯನ್ನು ತಲಪಿ ನದಿಯ ದಡದಲ್ಲಿ ಗುಡಾರ ಹಾಕಿದೆವು. ರಾತ್ರಿ ಬೆಂಕಿಯ ಸುತ್ತ ಕುಳಿತಿದ್ದಾಗ, ಮರುದಿನ ನಮ್ಮ ತೆಪ್ಪವನ್ನು ನಡೆಸಲಿದ್ದ ಮಾರ್ಗದರ್ಶಿ ಬಂದು ಪರಿಚಯ ಮಾಡಿಕೊಂಡಳು. ಬಿಸಿಲಿಗೆ ಕಂದಿದ ಮುಖದ, ಹೆಚ್ಚು ಮಾತಿಲ್ಲದ ತರುಣಿ ಆಕೆ. ಹರೆಯದ ಹೆಂಗಸೊಬ್ಬಳು ನಮ್ಮನ್ನು ಹೊಳೆ ದಾಟಿಸುವಳೇ ಎಂದು ನಾನು ಒಳಗೊಳಗೇ ಅನುಮಾನಪಟ್ಟೆ.

ಆಕೆ ನಮಗೊಂದು ಕಥೆ ಹೇಳಿದಳು. 1869ರ ಮೇ ತಿಂಗಳಲ್ಲಿ ಜಾನ್ ವೆಸ್ಲಿ ಪವೆಲ್ ಎಂಬಾತ ಹತ್ತು ಜನರ ತಂಡದೊಂದಿಗೆ, ನಾಲ್ಕು ಮರದ ದೋಣಿಗಳಲ್ಲಿ, ಕೊಲರಾಡೊ ನದಿಯ ಕಮರಿಗಳನ್ನು ಶೋಧಿಸಲು ಹೊರಟನು. ಆ ಕಮರಿಗಳ ನಕ್ಷೆ ಯಾರಲ್ಲಿಯೂ ಇರಲಿಲ್ಲ. ಪವೆಲ್‌ಗೆ ಇದ್ದುದು ಒಂದೇ ಪೂರ್ಣ ಕೈ. ಇನ್ನೊಂದನ್ನು ಅವನು 1862ರ ಯುದ್ಧದಲ್ಲಿ ಕಳೆದುಕೊಂಡಿದ್ದನು. ಒಂದು ದೋಣಿ ಆರಂಭದಲ್ಲಿಯೇ ಬಂಡೆಗೆ ಬಡಿದು ಚೂರಾಯಿತು. ಒಬ್ಬನು ನಡುದಾರಿಯಲ್ಲಿ ತಂಡವನ್ನು ಬಿಟ್ಟನು. ಮೂರು ತಿಂಗಳು ಕಳೆದ ಮೇಲೆ, ಆಹಾರ ಮುಗಿಯುತ್ತ ಬಂದಾಗ, ಭೀಕರವಾದ ಇಳುಕಲೊಂದು ಎದುರಾಯಿತು. ಮೂವರು ಇನ್ನು ನದಿಯ ಸಹವಾಸ ಬೇಡವೆಂದು ನಿರ್ಧರಿಸಿ, ಆಗಸ್ಟ್ 28ರಂದು ಕಮರಿಯನ್ನು ಹತ್ತಿ ಹೋದರು. ಅವರು ಮತ್ತೆ ಜೀವಸಹಿತ ಯಾರ ಕಣ್ಣಿಗೂ ಬೀಳಲಿಲ್ಲ. ಉಳಿದ ಆರು ಮಂದಿ ಧೈರ್ಯ ಮಾಡಿ ಇಳುಕಲನ್ನು ದಾಟಿದರು; ಮುಂದಿನ ಎರಡು ದಿನಗಳೊಳಗೆ ಜನವಸತಿಯನ್ನು ಸೇರಿದರು.

"ಹೋದವರು ಹೇಡಿಗಳಲ್ಲ, ಮೂರು ತಿಂಗಳು ಅದೇ ನದಿಯನ್ನು ಎದುರಿಸಿದ್ದವರು. ಅವರು ಹೊರಡುವ ಮುನ್ನ ತಮ್ಮ ಮನಸ್ಸಿನಲ್ಲಿದ್ದುದನ್ನು ಉಳಿದವರಿಗೆ ಬಿಚ್ಚಿ ಹೇಳಿದರು. ನೀವೂ ನಾಳೆ ಹಾಗೆಯೇ ಮಾಡಿರಿ. ದೋಣಿಯಲ್ಲಿ ಮುಚ್ಚಿಟ್ಟ ಮಾತಿಗಿಂತ ಭಾರವಾದ ಸಾಮಾನು ಬೇರೆ ಇಲ್ಲ" ಎಂದು ಹೇಳಿ ಆಕೆ ಎದ್ದು ಹೋದಳು.

ಮರುದಿನ ಬೆಳಿಗ್ಗೆ ನಮ್ಮನ್ನು ಕೊಲೋಮಕ್ಕಿಂತ ಮೇಲಿರುವ ಚಿಲಿ ಬಾರ್ ಎಂಬ ಸ್ಥಳಕ್ಕೆ ಕರೆದೊಯ್ದರು. ಎರಡು ತೆಪ್ಪಗಳು ಸಿದ್ಧವಾಗಿದ್ದವು. ನಮ್ಮ ಕಡೆಯ ತೆಪ್ಪಗಳಂತೆ ಇವು ಬಿದಿರಿನವಲ್ಲ. ದಪ್ಪ ರಬ್ಬರಿನ ಕೊಳವೆಗಳಿಗೆ ಗಾಳಿ ತುಂಬಿ ಮಾಡಿದವು. ಒಂದೊಂದರಲ್ಲಿ ಆರು ಮಂದಿ ಅಂಚಿನ ಮೇಲೆ ಕುಳಿತು ಹುಟ್ಟು ಹಾಕಬೇಕು. ಮಾರ್ಗದರ್ಶಿ ಹಿಂದೆ ಕುಳಿತು ದಿಕ್ಕನ್ನು ನಿರ್ಧರಿಸಬೇಕು. ಎಲ್ಲರಿಗೂ ಶಿರಸ್ತ್ರಾಣ, ಎದೆಗೆ ಬಿಗಿಯುವ ತೇಲುವ ಅಂಗಿ, ಒಂದೊಂದು ಹುಟ್ಟು ದೊರೆತವು.

ಮಾರ್ಗದರ್ಶಿ ನೀರನ್ನು ತೋರಿಸಿ ಪಾಠ ಆರಂಭಿಸಿದಳು. ಬಂಡೆಗಳ ನಡುವೆ ನದಿ ಕಡಿದಾಗಿ ಇಳಿದು ನೊರೆಗಟ್ಟಿ ಧುಮುಕುವ ಭಾಗವನ್ನು ಅಲ್ಲಿ 'ರ‍್ಯಾಪಿಡ್' ಎನ್ನುತ್ತಾರೆ. ಅವುಗಳ ಕಷ್ಟವನ್ನು ಅಳೆಯಲು ಆರು ದರ್ಜೆಗಳಿವೆ. ಒಂದನೆಯದು ಮಕ್ಕಳೂ ಹೋಗಬಹುದಾದ ಮೆಲ್ಲನೆಯ ಹರಿವು. ಆರನೆಯದು ನುರಿತವರೂ ಪ್ರಾಣದ ಆಸೆ ಬಿಟ್ಟು ಇಳಿಯಬೇಕಾದುದು. ನಮ್ಮ ನದಿ ಮೂರನೆಯ ದರ್ಜೆಯದು. ಎಚ್ಚರವಿದ್ದರೆ ಆನಂದ, ಎಚ್ಚರ ತಪ್ಪಿದರೆ ಅಪಾಯ.

"ಇಂದು ಈ ನದಿಯಲ್ಲಿ ಸೆಕೆಂಡಿಗೆ 1,500 ಘನ ಅಡಿ ನೀರು ಹರಿಯುತ್ತಿದೆ" ಎಂದಳು ಆಕೆ. ಒಂದು ಘನ ಅಡಿ ನೀರಿನ ತೂಕ ಸುಮಾರು 28 ಕಿಲೋಗ್ರಾಂ. ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ: ಪ್ರತಿ ಸೆಕೆಂಡಿಗೆ ಸುಮಾರು 42 ಟನ್ನು! ಹರಿವಿನ ವೇಗ ಎರಡು ಪಟ್ಟಾದರೆ, ಅದು ಅಡ್ಡ ನಿಂತ ವಸ್ತುವಿನ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಲೆಕ್ಕವು ನನಗೆ ತಿಳಿದಿತ್ತು. ಆದರೆ ಅದರ ಅರ್ಥ ಇನ್ನೂ ತಿಳಿದಿರಲಿಲ್ಲ.

ಬಳಿಕ ಆಕೆ ಮೂರು ನಿಯಮಗಳನ್ನು ಹೇಳಿದಳು. ಮೊದಲನೆಯದು, ನೀರಿಗೆ ಬಿದ್ದವರು ಎದ್ದು ನಿಲ್ಲಲು ಯತ್ನಿಸಬಾರದು. ನದಿಯ ತಳದ ಕಲ್ಲುಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಂಡರೆ, ಹಿಂದಿನಿಂದ ಬರುವ ನೀರು ಮನುಷ್ಯನನ್ನು ಮುಂದಕ್ಕೆ ಬಾಗಿಸಿ ಅದುಮಿಬಿಡುತ್ತದೆ. ಸೊಂಟದಷ್ಟು ಆಳದಲ್ಲಿಯೂ ಪ್ರಾಣ ಹೋಗಬಹುದು. ಆದುದರಿಂದ ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಬೆರಳುಗಳನ್ನು ನೀರಿನ ಮೇಲೆ ಇಟ್ಟುಕೊಂಡು ತೇಲಬೇಕು. ಎರಡನೆಯದು, ತೆಪ್ಪ ಬಂಡೆಗೆ ಅಡ್ಡಲಾಗಿ ಬಡಿದರೆ ಎಲ್ಲರೂ ಬಂಡೆಯತ್ತಲೇ ವಾಲಬೇಕು. ಹೆದರಿ ಹಿಂದಕ್ಕೆ ಸರಿದರೆ ಮೇಲ್ಗಡೆಯ ಅಂಚು ತಗ್ಗುತ್ತದೆ. ಹರಿವು ಅದರ ಮೇಲೇರಿ ತೆಪ್ಪವನ್ನು ಮಗುಚುತ್ತದೆ. ಮೂರನೆಯದು, ಹುಟ್ಟಿನಿಂದ ಬಂಡೆಯನ್ನು ಎಂದಿಗೂ ನೂಕಬಾರದು.

ಮೂರನೆಯ ನಿಯಮವನ್ನು ಕೇಳಿ ನನಗೆ ನಗು ಬಂದಿತು. ಬಂಡೆಯನ್ನು ನೂಕದೆ ದೋಣಿ ನಡೆಸುವವರೂ ಉಂಟೇ ಎಂದುಕೊಂಡೆ.

"ಈಜು ಬಾರದವರು ಯಾರು?" ಎಂದು ಆಕೆ ಕೇಳಿದಳು. ನಮ್ಮಲ್ಲಿ ಒಂದೇ ಒಂದು ಕೈ ಮೇಲೆದ್ದಿತು. ಅದು ಮಂಗೋಲಿಯಾದ ವಿದ್ಯಾರ್ಥಿನಿಯದು. "ನಮ್ಮ ದೇಶಕ್ಕೆ ಸಮುದ್ರವೇ ಇಲ್ಲ. ನನಗೆ ಕುದುರೆ ಗೊತ್ತು, ನೀರು ಗೊತ್ತಿಲ್ಲ. ನನಗೆ ಭಯವಾಗುತ್ತಿದೆ" ಎಂದು ಅವಳು ಸಂಕೋಚವಿಲ್ಲದೆ ಹೇಳಿದಳು. ಅವಳ ಮೇಲೆ ನನಗೆ ಕನಿಕರವುಂಟಾಯಿತು. ಅವಳಿಗೆ ಧೈರ್ಯ ತುಂಬುವವನಂತೆ, "ನಾನು ಎಂಟು ವರ್ಷದವನಿದ್ದಾಗಿನಿಂದ ಈಜುತ್ತಿದ್ದೇನೆ, ದೋಣಿಯನ್ನೂ ಬಲ್ಲೆ" ಎಂದು ಎಲ್ಲರಿಗೂ ಕೇಳುವಂತೆ ನುಡಿದೆ. ಮಾರ್ಗದರ್ಶಿ ನನ್ನ ಕಡೆ ತಿರುಗಿ, "ಒಳ್ಳೆಯದು. ಆದರೆ ನನಗೆ ಹೆಚ್ಚು ಚಿಂತೆಯಾಗುವುದು ಬಲ್ಲವರದೇ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ತೆಪ್ಪ ನೀರಿಗಿಳಿಯಿತು. ಅರ್ಧ ಮೈಲಿ ಸಾಗುವಷ್ಟರಲ್ಲಿ ಮೊದಲ ರ‍್ಯಾಪಿಡ್ ಎದುರಾಯಿತು. ಅದರ ಹೆಸರು 'ಮೀಟ್‌ಗ್ರೈಂಡರ್'; ಅಂದರೆ ಮಾಂಸ ಅರೆಯುವ ಯಂತ್ರ. ಬಹು ದೂರದವರೆಗೆ ಬಂಡೆಗಳೇ ಬಂಡೆಗಳು. ಅವುಗಳ ನಡುವೆ ಬೆಳ್ಳನೆಯ ನೊರೆ. ನೀರಿನ ಮೊರೆತದಲ್ಲಿ ಪಕ್ಕದವರ ಮಾತೂ ಕೇಳಿಸದು. "ಮುಂದಕ್ಕೆ!" ಎಂದು ಮಾರ್ಗದರ್ಶಿ ಕೂಗಿದಳು. ಆರು ಹುಟ್ಟುಗಳು ಒಟ್ಟಿಗೆ ನೀರನ್ನು ಸೀಳಿದವು. ತೆಪ್ಪ ಏರಿತು, ಇಳಿಯಿತು, ಒಮ್ಮೆ ಬುಗುರಿಯಂತೆ ತಿರುಗಿತು. ಹಿಮದ ನೀರು ಮುಖಕ್ಕೆ ರಾಚಿತು. ಆ ಕ್ಷಣದ ಉಲ್ಲಾಸವನ್ನು ಬಣ್ಣಿಸುವುದು ಕಷ್ಟ.

ಅಷ್ಟರಲ್ಲಿ ನನ್ನ ಎಡಗಡೆಯಿಂದ ಕಪ್ಪು ಬಂಡೆಯೊಂದು ನಮ್ಮತ್ತ ನುಗ್ಗಿ ಬರುತ್ತಿರುವಂತೆ ಕಂಡಿತು. "ಒಳಗೆ ಕುಳಿತುಕೊಳ್ಳಿ!" ಎಂಬ ಕೂಗು ಕೇಳಿಸಿತು. ಆದರೆ ಬಾಲ್ಯದ ಅಭ್ಯಾಸ ಕಿವಿಗಿಂತ ಮುಂದಾಯಿತು. ನಾನು ಎದ್ದು, ಹುಟ್ಟನ್ನು ಚಾಚಿ, ಬಂಡೆಯನ್ನು ಬಲವಾಗಿ ಒತ್ತಿದೆ. ತುಂಗಭದ್ರೆಯ ನಿಧಾನವಾದ ಮಡುವಿನಲ್ಲಿ ಹರಿಗೋಲು ಸರಿಯುತ್ತದೆ. ಇಲ್ಲಿ ತೆಪ್ಪ ಸರಿಯಲಿಲ್ಲ. ಅದು ತನ್ನ ವೇಗದಲ್ಲಿಯೇ ಮುಂದೆ ಹೋಯಿತು. ಒತ್ತಿದ ಬಲವೆಲ್ಲ ನನ್ನ ಮೇಲೆಯೇ ತಿರುಗಿ, ನಾನು ಕವಣೆಯ ಕಲ್ಲಿನಂತೆ ಹೊರಕ್ಕೆ ಚಿಮ್ಮಿದೆ.

ಆ ಚಳಿಯನ್ನು ನಾನು ಎಂದಿಗೂ ಮರೆಯಲಾರೆ. ಎದೆಯೊಳಗಿನ ಉಸಿರನ್ನು ಯಾರೋ ಕಿತ್ತುಕೊಂಡಂತಾಯಿತು. ತೇಲುವ ಅಂಗಿ ನನ್ನನ್ನು ಮೇಲಕ್ಕೆತ್ತಿತು. ಕಾಲಿಗೆ ನೆಲ ತಾಗಿತು. ನೀರು ಸೊಂಟದಷ್ಟೇ ಇದೆಯೆಂದು ತಿಳಿದು, ಕಲಿತ ಪಾಠವನ್ನು ಮರೆತು, ಎದ್ದು ನಿಂತೆ.

ನಿಂತ ಮರುಕ್ಷಣವೇ ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಬೆನ್ನಿಗೆ ನೀರು ಗೋಡೆ ಬಿದ್ದಂತೆ ಬಿದ್ದಿತು. ನಾನು ಮುಂದಕ್ಕೆ ಬಾಗಿದೆ. ಮುಖ ನೀರಿನೊಳಗೆ ಹೋಯಿತು. ಕೈಗಳಿಂದ ತಳವನ್ನು ಒತ್ತಿದೆ; ಏಳಲಾಗಲಿಲ್ಲ. ಎಂಟನೆಯ ವಯಸ್ಸಿನಿಂದ ಕಲಿತ ಈಜು ಅಲ್ಲಿ ಎಳ್ಳಷ್ಟೂ ಉಪಯೋಗಕ್ಕೆ ಬರಲಿಲ್ಲ. ನಲವತ್ತೆರಡು ಟನ್ನು ಎಂಬ ಲೆಕ್ಕದ ಅರ್ಥ ಆಗ ನನಗಾಯಿತು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಬಹುಶಃ ಕೆಲವೇ ಕ್ಷಣಗಳು. ಬೂಟಿನ ದಾರ ಹರಿದು ಕಾಲು ಅದರಿಂದ ಕಳಚಿಕೊಂಡಿತು. ಅದು ನನ್ನ ಜಾಣ್ಮೆಯಲ್ಲ, ಕೇವಲ ಅದೃಷ್ಟ. ಬೂಟು ಕಲ್ಲಿನ ಪಾಲಾಯಿತು. ನಾನು ಮೇಲೆ ಬಂದೆ.

"ಕಾಲು ಮೇಲೆ! ಕಾಲು ಮೇಲೆ!" ಎಂಬ ಕೂಗು ಕೇಳಿತು. ಈ ಸಲ ನಾನು ಹೇಳಿದಂತೆ ಕೇಳಿದೆ. ಅಂಗಾತ ಮಲಗಿ ಹರಿವಿಗೆ ಮೈಕೊಟ್ಟೆ. ದೊಡ್ಡ ಬಂಡೆಗಳ ಹಿಂದೆ ನೀರು ಹಿಮ್ಮುಖವಾಗಿ ತಿರುಗಿ ಶಾಂತವಾಗುವ ತಾಣಗಳಿರುತ್ತವೆ. ಮಾರ್ಗದರ್ಶಿ ತೆಪ್ಪವನ್ನು ಅಂಥ ಒಂದು ತಾಣದಲ್ಲಿ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಹತ್ತಿರ ಬರುತ್ತಿದ್ದಂತೆ ಹುಟ್ಟಿನ ಹಿಡಿಯೊಂದು ನನ್ನ ಕೈಗೆ ತಾಗಿತು. ಯಾರೋ ನನ್ನನ್ನು ಎಳೆದುಕೊಂಡು, ತೇಲುವ ಅಂಗಿಯ ಭುಜದ ಪಟ್ಟಿಗಳನ್ನು ಎರಡು ಕೈಗಳಿಂದ ಹಿಡಿದು, ತಮ್ಮ ಮೈಯನ್ನು ಹಿಂದಕ್ಕೆ ಬೀಳಿಸಿದರು. ನಾನು ಮೀನಿನಂತೆ ತೆಪ್ಪದೊಳಗೆ ಬಿದ್ದೆ. ಕಣ್ಣು ತೆರೆದು ನೋಡಿದರೆ ಮಂಗೋಲಿಯಾದ ಗೆಳತಿ! ಬೆಳಿಗ್ಗೆ ಕಲಿಸಿದ ವಿಧಾನವನ್ನು ಅವಳು ಒಂದಕ್ಷರವೂ ತಪ್ಪದಂತೆ ಪಾಲಿಸಿದ್ದಳು. ಗೊತ್ತಿಲ್ಲವೆಂದು ಒಪ್ಪಿಕೊಂಡಿದ್ದ ಕಾರಣ ಅವಳು ಮನಸ್ಸಿಟ್ಟು ಕೇಳಿದ್ದಳು; ಗೊತ್ತಿದೆಯೆಂದುಕೊಂಡಿದ್ದ ನಾನು ಕೇಳಿಯೂ ಕೇಳಿರಲಿಲ್ಲ.

ನದಿ ಶಾಂತವಾದ ಸ್ಥಳದಲ್ಲಿ ಮಾರ್ಗದರ್ಶಿ, "ಏನಾಯಿತು?" ಎಂದು ಕೇಳಿದಳು. ಧ್ವನಿಯಲ್ಲಿ ಕೋಪವಿರಲಿಲ್ಲ. 'ಹುಟ್ಟು ಜಾರಿತು' ಎಂಬ ಸುಳ್ಳು ನನ್ನ ನಾಲಿಗೆಯ ತುದಿಯವರೆಗೆ ಬಂದಿತು. ಎಲ್ಲರೂ ಅದನ್ನು ನಂಬುತ್ತಿದ್ದರು. ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಹಿಂದಿನ ರಾತ್ರಿಯ ಮಾತು ನೆನಪಾಯಿತು. ತಲೆ ತಗ್ಗಿಸಿ, "ನಾನು ಬಂಡೆಯನ್ನು ನೂಕಿದೆ. ನೀರಿಗೆ ಬಿದ್ದ ಮೇಲೆ ಎದ್ದು ನಿಂತೆ. ಎರಡೂ ನನ್ನ ತಪ್ಪು. ಈ ನದಿ ನನಗೆ ಗೊತ್ತಿಲ್ಲ" ಎಂದೆ.

ಯಾರೂ ನಗಲಿಲ್ಲ. "ಸರಿ. ಇನ್ನು ನೀವು ಏನು ಮಾಡಬಹುದೆಂದು ನನಗೆ ಗೊತ್ತು. ಮುಂದೆ ಹೋಗೋಣ" ಎಂದಳು ಮಾರ್ಗದರ್ಶಿ. ಆಶ್ಚರ್ಯವೆಂದರೆ, ನಾನು ಹೇಳಿದ ಮೇಲೆ ಇತರರೂ ಬಾಯಿ ಬಿಟ್ಟರು. ಒಬ್ಬನು ತನ್ನ ಭುಜ ನೋಯುತ್ತಿದೆಯೆಂದನು. ಮತ್ತೊಬ್ಬನು, ಮೊರೆತದಲ್ಲಿ ಆಜ್ಞೆಗಳು ಕೇಳಿಸುತ್ತಿಲ್ಲವೆಂದನು. ಮಾರ್ಗದರ್ಶಿ ಕುಳಿತ ಜಾಗಗಳನ್ನು ಬದಲಾಯಿಸಿದಳು. ಕೇಳಿಸದವನನ್ನು ತನ್ನ ಹತ್ತಿರ ಕೂರಿಸಿಕೊಂಡಳು. ಅಲ್ಲಿಯವರೆಗೆ ನಾವು ಒಂದೇ ತೆಪ್ಪದಲ್ಲಿದ್ದ ಆರು ಮಂದಿ. ಅಲ್ಲಿಂದ ಮುಂದೆ ಒಂದು ತಂಡವಾದೆವು.

ದಾರಿಯಲ್ಲಿ ಆಕೆ ನೀರನ್ನು ಓದುವುದನ್ನು ಕಲಿಸಿದಳು. ನೀರಿನ ಮೇಲೆ ಬಾಣದ ಮೊನೆಯಂಥ ಆಕಾರ ಕಂಡಾಗ, ಮೊನೆ ಹರಿವಿನ ದಿಕ್ಕಿಗಿದ್ದರೆ ಅದು ಬಂಡೆಗಳ ನಡುವಣ ದಾರಿ. ಮೊನೆ ಹರಿವಿಗೆ ಎದುರಾಗಿದ್ದರೆ ಅಲ್ಲೊಂದು ಬಂಡೆ ಅಡಗಿದೆ. ಈ ಪಾಠವನ್ನು ನಾನು ಮೊದಲನೆಯ ತರಗತಿಯ ಬಾಲಕನಂತೆ ಕಲಿತೆ.

ಕೊಲೋಮಕ್ಕೆ ಸ್ವಲ್ಪ ಮುಂಚೆ 'ಟ್ರಬಲ್‌ಮೇಕರ್' ಎಂಬ ರ‍್ಯಾಪಿಡ್ ಇದೆ, ಅಂದರೆ 'ತೊಂದರೆಗಾರ'. ಅಲ್ಲಿ ನದಿ ಹಾವಿನಂತೆ ಎರಡು ಸಲ ಬಳುಕಿ ಧುಮುಕುತ್ತದೆ. ಧುಮುಕುವ ಜಾಗದ ಕೆಳಗೆ ಸರಿಯಾಗಿ ಒಂದು ದೊಡ್ಡ ಬಂಡೆ ಕಾದು ನಿಂತಿದೆ. ನಾವು ದಡದಲ್ಲಿಳಿದು ಅದನ್ನು ನೋಡಿದೆವು. "ಬೇಡವೆನಿಸಿದವರು ದಡದ ಮೇಲೆ ನಡೆದು ಬರಬಹುದು, ಅದರಲ್ಲಿ ಅವಮಾನವಿಲ್ಲ" ಎಂದಳು ಮಾರ್ಗದರ್ಶಿ. ನಾನು ಮಂಗೋಲಿಯಾದ ಗೆಳತಿಯ ಕಡೆ ನೋಡಿದೆ. "ಭಯ ಹೋಗಿಲ್ಲ. ಆದರೆ ಏನು ಮಾಡಬೇಕೆಂದು ಗೊತ್ತು" ಎಂದು ಅವಳು ತೆಪ್ಪವನ್ನೇರಿದಳು. ನಾನೂ ಏರಿದೆ.

ಮೊದಲ ತಿರುವು ಸುಲಭವಾಗಿ ಕಳೆಯಿತು. ಎರಡನೆಯದರಲ್ಲಿ ತೆಪ್ಪ ಅಡ್ಡ ತಿರುಗಿ, ಜಾರಿ, ಆ ಬಂಡೆಗೆ ದಢಾರನೆ ಬಡಿಯಿತು. "ಬಂಡೆಯತ್ತ!" ಎಂದು ಕೂಗು ಬಂದಿತು. ನನ್ನ ಮೈಯ ಒಂದೊಂದು ನರವೂ ಹಿಂದಕ್ಕೆ ಸರಿ ಎನ್ನುತ್ತಿತ್ತು. ಕಣ್ಣು ಮುಚ್ಚಿ ಬಂಡೆಯ ಮೇಲೆಯೇ ಬಿದ್ದೆ. ಉಳಿದ ಐವರೂ ನನ್ನೊಡನೆ ವಾಲಿದರು. ತೆಪ್ಪ ಕ್ಷಣಕಾಲ ಅಲ್ಲಿಯೇ ನಡುಗುತ್ತ ನಿಂತಿತು. ಮೇಲಿನ ಅಂಚು ನೀರಿನಿಂದ ಎದ್ದಿತು. ಹರಿವು ಅದರ ಅಡಿಯಲ್ಲಿ ನುಗ್ಗಿತು. ತೆಪ್ಪ ಮೆಲ್ಲನೆ ಬಂಡೆಯಿಂದ ಜಾರಿ ಕೆಳಗಿನ ಮಡುವಿಗೆ ಇಳಿಯಿತು. ನಮ್ಮಲ್ಲಿ ಒಬ್ಬರೇ ಒಬ್ಬರು ಹಿಂದಕ್ಕೆ ಸರಿದಿದ್ದರೂ ಹಾಗಾಗುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.

ನಮ್ಮ ಪ್ರಯಾಣ ಕೊಲೋಮದಲ್ಲಿ ಮುಗಿಯಿತು. ಈ ಪುಟ್ಟ ಹಳ್ಳಿ ಚರಿತ್ರೆಯಲ್ಲಿ ಪ್ರಸಿದ್ಧವಾದುದು. 1848ರ ಜನವರಿ 24ರಂದು, ಜಾನ್ ಸಟರ್ ಎಂಬಾತನಿಗಾಗಿ ಇಲ್ಲಿ ಮರ ಕೊಯ್ಯುವ ಕಾರ್ಖಾನೆ ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್‌ಗೆ ನೀರಿನ ಕಾಲುವೆಯಲ್ಲಿ ಚಿನ್ನದ ಚೂರುಗಳು ಕಂಡವು. ಸುದ್ದಿ ಹಬ್ಬಿ ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರು ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದರು. ಅನಾದಿಯಿಂದ ಆ ದಡದಲ್ಲಿ ಬಾಳುತ್ತಿದ್ದ ನಿಸೆನಾನ್ ಜನರು ನೆಲೆ ಕಳೆದುಕೊಂಡರು. ಸಟರನ ಭೂಮಿಯನ್ನು ಬಂದವರು ಆಕ್ರಮಿಸಿಕೊಂಡರು. ಚಿನ್ನ ಕಂಡ ಮಾರ್ಷಲ್ 1885ರಲ್ಲಿ ಬಡವನಾಗಿಯೇ ಸತ್ತನು. ಆ ಸ್ಥಳದಲ್ಲಿ ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು ಎಂಬ ಸ್ಥಿತಿಯಲ್ಲಿ ನಿಂತಿದ್ದ ನನ್ನನ್ನು ಕಂಡು ಗೆಳೆಯರೆಲ್ಲ ಮನಸಾರೆ ನಕ್ಕರು.

ಮುಂದಿನ ವರ್ಷ ಊರಿಗೆ ಬಂದಾಗ, ಹಣ್ಣಾಗಿದ್ದ ಅಂಬಿಗ ಅಜ್ಜನನ್ನು ಕಾಣಲು ಹೋದೆ. ನಡೆದುದನ್ನೆಲ್ಲ ಹೇಳಿ, "ಬೂಟು ಅಲ್ಲೇ ಹೋತು ಅಜ್ಜಾ" ಎಂದೆ. ಅಜ್ಜ ಬಹಳ ಹೊತ್ತು ಹೊಳೆಯನ್ನೇ ನೋಡುತ್ತಿದ್ದು, ಬಳಿಕ ಬೊಚ್ಚು ಬಾಯಿ ಬಿಟ್ಟು ನಕ್ಕನು.

"ಹೋಗಿದ್ದು ಬರೇ ಬೂಟೇನು, ತಮ್ಮಾ?" ಎಂದನು.

ಅಭ್ಯಾಸ

ಪದಗಳ ಅರ್ಥ
ಹುಟ್ಟು: ದೋಣಿಯನ್ನು ನಡೆಸಲು ನೀರನ್ನು ಒತ್ತುವ ಸಾಧನ
ಕಮರಿ: ಬೆಟ್ಟಗಳ ನಡುವಣ ಆಳವಾದ ಕಂದರ
ಮಡು: ನದಿಯಲ್ಲಿ ನೀರು ಆಳವಾಗಿ, ನಿಧಾನವಾಗಿ ಇರುವ ಭಾಗ
ಶಿರಸ್ತ್ರಾಣ: ತಲೆಯನ್ನು ಕಾಯುವ ಗಟ್ಟಿಯಾದ ಟೋಪಿ
ಕವಣೆ: ಕಲ್ಲನ್ನು ಬೀಸಿ ಎಸೆಯುವ ಸಾಧನ

ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ
1. ಅಮೆರಿಕನ್ ನದಿಯ ನೀರಿನ ಮೂಲ ಯಾವುದು?
2. ನೀರಿಗೆ ಬಿದ್ದವರು ಹೇಗೆ ತೇಲಬೇಕು?
3. ಪವೆಲ್‌ನ ತಂಡದಿಂದ ಮೂವರು ಎಂದು ಬೇರೆಯಾದರು?

ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ
1. ತೆಪ್ಪ ಬಂಡೆಗೆ ಬಡಿದಾಗ ಬಂಡೆಯತ್ತಲೇ ವಾಲಬೇಕು, ಏಕೆ?
2. ತುಂಗಭದ್ರೆಯಲ್ಲಿ ಕಲಿತ ಅಭ್ಯಾಸ ಲೇಖಕರನ್ನು ಅಪಾಯಕ್ಕೆ ದೂಡಿದುದು ಹೇಗೆ?
3. ಲೇಖಕರು ತಪ್ಪನ್ನು ಒಪ್ಪಿಕೊಂಡುದರಿಂದ ತೆಪ್ಪದಲ್ಲಿ ಯಾವ ಬದಲಾವಣೆಯಾಯಿತು?

ಸಂದರ್ಭ ಸೂಚಿಸಿ ವಿವರಿಸಿರಿ
1. "ನನಗೆ ಹೆಚ್ಚು ಚಿಂತೆಯಾಗುವುದು ಬಲ್ಲವರದೇ."
2. "ಹೋಗಿದ್ದು ಬರೇ ಬೂಟೇನು, ತಮ್ಮಾ?"